ಬಿಚ್ಚದ ಚಿತ್ರಪಟ

ಮಾನ್ವಿ, ಆಗಸ್ಟ್ ೧೯೮೩

ಬೂದೆಮ್ಮಾ,

ಮೊದಲಿನ ಎರಡು ಪತ್ರಗಳನ್ನು ನೀನು ಒಡೆಯದೆಯೇ ದೇವದುರ್ಗದಿಂದ ಹಿಂದಕ್ಕೆ ಕಳಿಸಿದೆ. ಇದನ್ನು ನಾನು ಅಂಚೆಗೆ ಹಾಕುವುದೇ ಇಲ್ಲ.

ಇವತ್ತು ಇಲ್ಲಿನ ಮಿಡ್ಲ್ ಸ್ಕೂಲಿನ ಆರನೇ ತರಗತಿಯಲ್ಲಿ ನನ್ನ ಹಿಂದಿ ಪರೀಕ್ಷಾ ಪಾಠವಿತ್ತು. ರಾಯಚೂರಿನಿಂದ ಬಂದ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತರು. ಪಾಠದ ಬಗ್ಗೆ ವರದಿ ಬರೆಯಲು, ಈ ವರ್ಷ ಶಿಕ್ಷಕರ ತರಬೇತಿಗೆ ಸೇರಿದ ಶಾರವ್ವ ಅವರ ಪಕ್ಕದಲ್ಲಿದ್ದಳು. ನಾನು ಸುರುಳಿ ಸುತ್ತಿದ್ದ ಒಂಟೆಯ ಚಿತ್ರಪಟ ಎತ್ತಿಕೊಂಡು "ಯಹ್ ಕ್ಯಾ ಹೈ?" ಎಂದೆ. ಬಿಚ್ಚುವ ಮೊದಲೇ ಮುಂದಿನ ಸಾಲಿನ ಹುಡುಗಿ ಎದ್ದು "ಯಹ್ ಊಂಟ್ ಹೈ" ಎಂದಳು.

"ಚಿತ್ರ ಇನ್ನಾ ಬಿಚ್ಚೇ ಇಲ್ಲಲ್ರೀ," ಎಂದರು ಪರೀಕ್ಷಕರು.

ನಿನ್ನೆ ಅದೇ ಮಕ್ಕಳನ್ನು ಕೂಡಿಸಿ ಪ್ರಶ್ನೆ, ಉತ್ತರ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷಕರು ಶಾರವ್ವನ ವರದಿ ಹಾಳೆ ಇಸಿದುಕೊಂಡು ಓದಿದರು. "ಪಾಠ ಚೆನ್ನಾಗಿತ್ತು" ಎಂದಷ್ಟೇ ಇತ್ತು. ನನ್ನನ್ನೊಮ್ಮೆ ನೋಡಿ ಸಹಿ ಹಾಕಿದರು.

ಮನೆಯಲ್ಲಿ ಹಿಂದಿಯನ್ನೇ ಹೋಲುವ ದಖನಿ ಮಾತಾಡುವ ನನಗೇ ಈ ಪಾಠಕ್ಕೆ ಇಷ್ಟು ಹೆದರಿಕೆ. ನಿನಗಾದರೋ ಹಿಂದಿ ಪುಸ್ತಕದಲ್ಲಷ್ಟೇ ಗೊತ್ತಿತ್ತು. ಹೋದ ವರ್ಷ ನಿನ್ನ ಪಾಠದ ದಿನ ಇಂಥದೇ ವರದಿ ಹಾಳೆ ನನ್ನ ಕೈಯಲ್ಲಿತ್ತು. "ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದ್ದಾರೆ" ಎಂದು ದುಂಡಗೆ ಬರೆದಿದ್ದೆ. ನೀನು ಫೇಲಾಗಿ ಟ್ರಂಕು ಹೊತ್ತುಕೊಂಡು ಊರಿನ ಬಸ್ಸು ಹತ್ತಿದೆ.

ಹೊರಗೆ ಬಂದ ಮೇಲೆ ಶಾರವ್ವನನ್ನು ಕೇಳಿದೆ: "ಗೊತ್ತಿದ್ದೂ ಯಾಕ ಬರೀಲಿಲ್ಲ?"

"ಎಲ್ಲಾರೂ ಮಾಡೋದ ಅಲ್ಲೇನ್ರೀ ಅಕ್ಕಾ. ನೀವಾಗಿದ್ರ ಬರೀತಿದ್ರೇನು?"

ಇಲ್ಲ ಎಂದೆ.

ರಜಿಯಾ