ಗೀಸರ್ ಈಗ ಹೊರಗೋಡೆಯಲ್ಲಿದೆ

ಅಕ್ಕಾ,

ನಿನ್ನ ಮಗಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ ಈಗಷ್ಟೇ ಬಂದು ಕೂತಿದ್ದೇನೆ. ಹೌದು, ಚೈತ್ರ ಹೆತ್ತಿದ್ದಾಳೆ. ಗಂಡು ಮಗು. ಕೊಪ್ಪದ ನನ್ನ ಮನೆಗೇ ಬಾರೇ ಅಂತ ಕರೆದರೆ, "ಇಲ್ಲ ಚಿಕ್ಕಮ್ಮ, ಬಾಣಂತನ ಅಂದ್ರೆ ಅಮ್ಮನ ಮನೇಲೇ ಆಗ್ಬೇಕು. ನೀನೇ ಬಾ" ಅಂದಳು. ಹೊಲಿಗೆ ಅಂಗಡಿಗೆ ಬೀಗ ಹಾಕಿ ನರಸಿಂಹರಾಜಪುರದ ನಿನ್ನ ಮನೆಗೆ ಬಂದುಬಿಟ್ಟೆ. ನಿನ್ನ ಅಡುಗೆಮನೆಯಲ್ಲಿ ಡಬ್ಬಿ ಹುಡುಕುವಾಗಲೆಲ್ಲ ನಿನ್ನನ್ನೇ ಕೂಗಿ ಕೇಳಬೇಕು ಅನ್ನಿಸುತ್ತದೆ. ಕೂಗಲು ಬಾಯಿಯನ್ನೂ ತೆರೆದಿರುತ್ತೇನೆ, ಆಮೇಲೆ...

ನೀನು ಹೋದ ಬೆಳಿಗ್ಗೆ ಭಾವ ನನಗೆ ಫೋನ್ ಮಾಡಿದ್ದು ನೆನಪಿದೆ. "ಸುಮಾ, ನಿನ್ನ ಅಕ್ಕ ಏಳ್ತಾ ಇಲ್ಲ" ಅಂದರು, ಅಷ್ಟೇ. ಬಸ್ಸಿನ ಡ್ಯೂಟಿಗೆ ಹೊರಟು ನಿಂತಿದ್ದರಂತೆ. ಬಚ್ಚಲಲ್ಲಿ ನೀರು ಬೀಳುವ ಸದ್ದು ನಿಲ್ಲಲೇ ಇಲ್ಲ, ಕರೆದರೆ ಉತ್ತರವಿಲ್ಲ, ಬಾಗಿಲು ಒಡೆದು ಒಳಗೆ ಹೋಗಿದ್ದಾರೆ. ನಾನು ಬರುವಷ್ಟರಲ್ಲಿ ನಿನ್ನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಮುಖ ಕೆಂಪಗೆ, ಚಳಿಯಲ್ಲಿ ಹೊದ್ದು ನಿದ್ದೆ ಹೋದವಳ ಹಾಗಿತ್ತು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಗಾಳಿ ಸಾಲದೆ ವಿಷ ಹುಟ್ಟುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ, ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ ಅಂದರು ಡಾಕ್ಟರು. ನಿಜವಾಗಿಯೂ ಗೊತ್ತಾಗಲಿಲ್ಲವಾ ಅಕ್ಕ? ಒಮ್ಮೆಯೂ ಯಾರನ್ನೂ ಕರೆಯಬೇಕು ಅನ್ನಿಸಲಿಲ್ಲವಾ?

ಆ ಗೀಸರನ್ನು ಭಾವ ಅದೇ ವಾರ ಕಿತ್ತು ಗುಜರಿಗೆ ಹಾಕಿದರು. ಅವತ್ತಿನಿಂದ ಅವರದು ತಣ್ಣೀರ ಸ್ನಾನ. ಚೈತ್ರ ಬಂದ ಮೇಲೆ ಅದು ನಡೆಯುವ ಮಾತಾ? ಕರೆಂಟಿನ ಗೀಸರ್ ಇಲ್ಲಿನ ಕಡಿಮೆ ವೋಲ್ಟೇಜಿಗೆ ಕಾಯುವುದೇ ಇಲ್ಲ, ಸೌದೆ ಒಲೆಗೆ ಜಾಗವಿಲ್ಲ. ಭಾವ ಅಡುಗೆಮನೆಯ ಸ್ಟವ್ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಟ್ಟೆಯಲ್ಲಿ ಹಿಡಿದು ಬಚ್ಚಲಿಗೆ ಹೊತ್ತುಕೊಂಡು ಬರುತ್ತಿದ್ದರು. ಒಂದು ದಿನ ನಾನು ಮಗುವನ್ನು ಎತ್ತಿಕೊಂಡು ಪ್ಯಾಸೇಜಿನಲ್ಲಿ ನಿಂತಿದ್ದೆ. ಅವರ ಕಾಲು ಜಾರಿತು. ಕುದಿಯುವ ನೀರು ನನ್ನ ಸೀರೆಯಂಚಿನವರೆಗೂ ಹರಿದು ಬಂತು. ಮಗುವಿಗೆ ಏನೂ ಆಗಲಿಲ್ಲ. ಭಾವನ ಪಾದ ಮಾತ್ರ ಬೆಂದಿತು.

ಸುಟ್ಟ ಕಾಲಿಗೆ ಮುಲಾಮು ಹಚ್ಚುತ್ತಾ ನಾನು ಹೇಳಿಯೇಬಿಟ್ಟೆ. "ಭಾವ, ಸಾಕು. ಗೀಸರ್ ಹಾಕ್ಸೋಣ. ಹೊರಗೆ ಹಾಕ್ಸಿದ್ರೆ ಏನೂ ಆಗಲ್ಲ."

"ಅದರ ಹೆಸ್ರು ಎತ್ತಬೇಡ ಮಾರಾಯ್ತಿ."

"ಹಂಗಾದ್ರೆ ಇವತ್ತು ಮಗು ಮೇಲೆ ಬಿದ್ದಿದ್ರೆ?"

ಅವರು ಗೋಡೆ ನೋಡುತ್ತಾ, "ಬಚ್ಚಲ ಕಿಟಕಿಗೆ ಪ್ಲೈವುಡ್ ಹೊಡ್ದೋನು ನಾನೇ ಸುಮಾ. ಅವಳಿಗೆ ಕೆಮ್ಮು ಇತ್ತಲ್ಲ, ಥಂಡಿ ಗಾಳಿ ಬರ್ತದೆ ಅಂದ್ಲು. ಮಾರನೇ ದಿನವೇ ಹೊಡ್ದೆ. ಕೆಲ್ಸ ಚೆನ್ನಾಗಾಯ್ತು ಅಂತ ಅವಳು ನಗ್ತಾ..." ಅಂದರು. ಇಷ್ಟು ದಿನ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ ಕಣೆ. ಮುಲಾಮಿನ ಕೈಯಲ್ಲೇ ಅವರ ಪಾದ ಹಿಡಿದುಕೊಂಡು ಕೂತೆ. ಒಳಗಿನ ಕೋಣೆಯಿಂದ ಚೈತ್ರ ಎದ್ದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಪ್ಪನ ಪಕ್ಕ ಕೂತು ಹೇಳಿದಳು: "ಅಮ್ಮಂಗೆ ಥಂಡಿ ಆಗ್ಬಾರ್ದು ಅಂತ ತಾನೇ ಹೊಡ್ದಿದ್ದು ಅಪ್ಪ. ಈಗ ನನಗೂ ಬಿಸಿನೀರು ಬೇಕು. ನೀವೇ ನಿಂತು ಹಾಕ್ಸಿ."

ಮರುದಿನ ಫಿಟ್ಟರ್ ಬಂದ. ಭಾವ ಕುಂಟುತ್ತಲೇ ಅವನ ಜೊತೆ ಮನೆ ಸುತ್ತಿದರು. ಅವನು ಬಚ್ಚಲ ಕಿಟಕಿಯ ಕೆಳಗೇ ಗುರುತು ಹಾಕಿದ. "ಅಲ್ಲಿ ಬೇಡ, ಹೊಗೆ ಕಿಟಕಿಯಿಂದ ಒಳಗೆ ಬರ್ತದೆ. ಆ ಕಡೆ ಗೋಡೆಗೆ ಹಾಕು" ಅಂದರು ಭಾವ. "ಪೈಪ್ ಉದ್ದ ಆಗ್ತದೆ ಸಾರ್, ಬಿಸಿ ಬರೋಕೆ ತಡ." "ತಡ ಆಗ್ಲಿ ಮಾರಾಯ." ಗೀಸರ್ ಹೊರಗಿನ ಗೋಡೆಯಲ್ಲಿ ಕೂತಿತು. ಮೇಲೆ ಮಳೆಗೆ ತಗಡು, ಸುತ್ತಲೂ ಗಾಳಿಗೆ ಬಯಲು. ಸಿಲಿಂಡರ್ ಕೂಡ ಹೊರಗೇ ನೆಟ್ಟಗೆ ನಿಂತಿದೆ. ಮೊದಲು ನೀರಿನ ಪೈಪ್ ತೆರೆದು ಒಳಗಿನ ಮಣ್ಣು, ತುಕ್ಕು ಹೋಗುವವರೆಗೆ ಹರಿಸಿ, ಬೇಕಾದಾಗ ನೀರು ನಿಲ್ಲಿಸಲು ಒಂದು ವಾಲ್ವ್ ಹಾಕಿ ಜೋಡಿಸಿದ. ಗ್ಯಾಸಿಗೆ ಹೊಸ ಪೈಪು, ಎರಡೂ ತುದಿಗೆ ಕ್ಲಿಪ್ಪು. ಆಮೇಲೆ ಸೋಪಿನ ನೊರೆ ಹಚ್ಚಿ ನೋಡಿದ. ಗ್ಯಾಸ್ ಸೋರಿದರೆ ಅಲ್ಲಿ ಗುಳ್ಳೆ ಏಳುತ್ತದಂತೆ. ಏಳಲಿಲ್ಲ. ಭಾವನಿಗೆ ಸಮಾಧಾನವಾಗಲಿಲ್ಲ. ಅವನ ಕೈಯಿಂದ ಬ್ರಷ್ ತೆಗೆದುಕೊಂಡು ತಾವೇ ಮತ್ತೆ ಹಚ್ಚಿದರು. ಉಸಿರು ಹಿಡಿದು ನೋಡುತ್ತಾ ನಿಂತರು. ಆ ಪ್ಲೈವುಡ್ಡನ್ನು ಹಳೇ ಗೀಸರ್ ಜೊತೆಗೇ ಕಿತ್ತಿದ್ದರು, ಈಗ ಅವನು ಹೋದ ಮೇಲೆ ಬಚ್ಚಲ ಕಿಟಕಿಯ ಗಾಜಿನ ಹಲಗೆಗಳನ್ನೂ ಒಂದೊಂದಾಗಿ ತೆಗೆದು, ಸೊಳ್ಳೆ ಪರದೆ ಮಾತ್ರ ಬಿಟ್ಟರು.

ಮೊದಲ ದಿನ ಚೈತ್ರಳಿಗೆ ನೀರು ಹಾಕುವಾಗ ಭಾವ ಬಾಗಿಲಾಚೆ ನಿಂತು, "ಸುಮಾ, ಚೈತ್ರ, ಅಲ್ಲಿದೀರಾ? ಮಾತಾಡ್ತಾ ಇರಿ" ಅಂತ ಕೂಗುತ್ತಲೇ ಇದ್ದರು. ನಾವು ಏನೇನೋ ಮಾತಾಡಿದೆವು. ಮಾತು ಮುಗಿದಾಗ ಚೈತ್ರ ಮಗ್ಗಿ ಹೇಳಿದಳು. ನಕ್ಕೆವು, ನಗುತ್ತಲೇ ಇಬ್ಬರಿಗೂ ಅಳು ಬಂತು. ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ.

ಇವತ್ತು ಮಗುವಿನ ಸರದಿ. ಕಾಲು ಚಾಚಿ ಕೂತು, ಅವನನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹೊಯ್ದೆ. ಕಿರುಚಾಡಿದವನು ಬೆನ್ನಿಗೆ ಬಿಸಿ ತಾಗಿದ್ದೇ ಸುಮ್ಮನಾಗಿ ಅಲ್ಲೇ ಕಣ್ಣು ಮುಚ್ಚಿಬಿಟ್ಟ. ಆಗಷ್ಟೇ ಮಿಂದಿದ್ದ ಚೈತ್ರ ಒದ್ದೆ ತಲೆಯಲ್ಲೇ ನೋಡುತ್ತಾ ನಿಂತಿದ್ದಳು. "ಚಿಕ್ಕಮ್ಮ, ನಾನು ಹುಟ್ಟಿದಾಗ ಅಮ್ಮ ಹೆಂಗಿದ್ಲು?" ಅಂತ ಕೇಳಿದಳು.

ನೀನು ಹೋದ ಮೇಲೆ ಈ ಮನೆಯಲ್ಲಿ ನಿನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಾಚೆಯಿಂದ ಭಾವ ಹೇಳಿದರು: "ಹೆದ್ರಿಕೊಂಡಿದ್ಲು. ನಿನ್ನ ಎತ್ಕೊಳ್ಳೋಕೇ ಹೆದ್ರಿಕೆ ಅವಳಿಗೆ. ಹೇಳ್ತೀನಿ ಬಾ, ತಲೆ ಒರೆಸ್ಕೊಂಡು ಬಾ."

ಅಕ್ಕಾ, ಅವರು ಇನ್ನೂ ಹೇಳುತ್ತಲೇ ಇದ್ದಾರೆ.

ನಿನ್ನ,
ಸುಮಾ