ನೋವು ಯಾರದು

ಸಿಂಧನೂರು
18-8-2025

ಅಕ್ಕಾ, ಶರಣು.

ನಾಲ್ಕು ತಿಂಗಳಿಂದ ನಿನ್ನೊಂದಿಗೆ ಸರಿಯಾಗಿ ಒಂದು ಮಾತು ಆಡಿಲ್ಲ. ಓದು, ಪರೀಕ್ಷೆ, ಬಸ್ಸು ಎಂದು ನೆಪಗಳಿವೆ. ನೀನು ಅವನ್ನು ನಂಬುವವಳಲ್ಲ, ಅದಕ್ಕೇ ನಾನೂ ಬರೆಯುವುದಿಲ್ಲ. ಫೋನಿದ್ದೂ ಕಾಗದವೇಕೆ ಎಂದು ಭಾವ ನಗಬಹುದು. ಫೋನಿನಲ್ಲಿ ನೀನು "ಅರಾಮದೀನಿ" ಅನ್ನುತ್ತೀ, ನಾನು "ಛಲೋ ಆತು" ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ಮೊದಲು ಸಂತೋಷದ ಸುದ್ದಿ. ಈ ವರ್ಷ ನಮ್ಮನ್ನು ಆಸ್ಪತ್ರೆಯೊಳಗೆ ಬಿಟ್ಟಿದ್ದಾರೆ. ನಲವತ್ತೆರಡರ ಮನುಷ್ಯ ಬಿಳಿ ಕೋಟು ತೊಟ್ಟು ಹತ್ತೊಂಬತ್ತರ ಹುಡುಗಿಯರ ಸಾಲಿನಲ್ಲಿ ನಿಂತದ್ದನ್ನು ನೀನು ನೋಡಬೇಕಿತ್ತು. ಫಿಜಿಷಿಯನ್ ಅಸಿಸ್ಟೆಂಟ್ ಅಂದರೆ ಕಂಪೌಂಡರೋ ನರ್ಸೋ ಎಂದು ಕೇಳಿದ್ದೆಯಲ್ಲ, ಎರಡೂ ಅಲ್ಲ. ಡಾಕ್ಟರ ಕೈಕೆಳಗೆ ಇದ್ದು ರೋಗಿಯನ್ನು ಮೊದಲು ವಿಚಾರಿಸಿ, ಪರೀಕ್ಷಿಸಿ, ಬರೆದು ಅವರಿಗೆ ಒಪ್ಪಿಸುವವನು. ಮಸ್ಕಿಯ ಮೆಡಿಕಲ್ ಶಾಪಿನಲ್ಲಿ ಹದಿನೆಂಟು ವರ್ಷ ದುಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಸಿಕ್ಕಿಬಿದ್ದದ್ದು ಅಲ್ಲೇ.

ಅಂಗಡಿಗೆ ರೋಗಿ ಬರುತ್ತಲೇ ಇರಲಿಲ್ಲ. ಮಗ ಬರುತ್ತಿದ್ದ, ಸೊಸೆ ಬರುತ್ತಿದ್ದಳು. "ನಮ್ಮತ್ತಿಗೆ ಎದಿ ಉರಿರೀ, ಎರಡ್ ಗುಳಿಗಿ ಕೊಡ್ರಿ." ಮಾತು ಮುಗಿಯುವ ಮೊದಲೇ ನನ್ನ ಕೈ ರ್ಯಾಕಿನಲ್ಲಿರುತ್ತಿತ್ತು. ನೋವುಂಡವರ ಮುಖ ನೋಡದೆ ಹದಿನೆಂಟು ವರ್ಷ ಔಷಧ ಕೊಟ್ಟೆ.

ಹೋದ ವಾರ ವಳಕಮದಿನ್ನಿಯಿಂದ ಗ್ಯಾನಮ್ಮ ಎಂಬ ಹೆಂಗಸು ಬಂದಳು, ಜೊತೆಗೆ ಗಂಡ ಪಕೀರಪ್ಪ. ನಾನು ಅವಳನ್ನು ಕೇಳಿದೆ, ಅವನು ಹೇಳಿದ: "ಅಕಿಗೇನಾಗಿಲ್ರಿ ಸಾರ, ಸೊಂಟ ಹಿಡದೈತಿ. ಒಂದ್ ಸೂಜಿ ಮಾಡಿ ಕಳಸ್ರಿ, ಹನ್ನೆರಡರ ಬಸ್ ಐತಿ."

ಸೊಂಟನೋವು ಎಂದು ಬರೆದೆ. ಯಾವ ಗುಳಿಗೆ ಎಂಬುದೂ ಮನಸ್ಸಿನಲ್ಲಿ ಆಗಿಹೋಗಿತ್ತು. ಪಕ್ಕದಲ್ಲಿದ್ದ ನನ್ನ ತರಗತಿಯ ಅಂಜುಮ್ ಮೆಲ್ಲಗೆ, "ಅಂಕಲ್, ಅಂಗಡಿ ಬಾಗಿಲಾ ತಗದ್ರೇನು?" ಅಂದಳು.

ನಮ್ಮ ಮೇಲಿನ ಮೆಹನಾಜ್ ಡಾಕ್ಟರು ಕಾಗದ ಓದಿದರು. "ಸೊಂಟ ಅಂತ ಯಾರಂದ್ರು?"

"ಅವ್ರ ಯಜಮಾನ್ರು, ಮೇಡಂ."

"ನೋವು ಯಾರ್ದ್ರೀ?"

ಕಾಗದವನ್ನು ನನ್ನ ಕೈಗೇ ಮರಳಿ ಕೊಟ್ಟು, "ಹೋಗ್ರಿ, ಅಕಿ ಬಾಯಿಂದ ಕೇಳ್ಕೊಂಡ ಬರ್ರಿ," ಅಂದರು.

ಪಕೀರಪ್ಪನನ್ನು ಚಹಾಕ್ಕೆ ಕಳಿಸಿದೆ. "ಅಕಿಗೆ ಡಾಕ್ಟರ್ ಮುಂದ ಮಾತಾಡಾಕ ಬರಂಗಿಲ್ರಿ," ಎನ್ನುತ್ತಲೇ ಹೋದ. ಏನಾಗುತ್ತದೆ ಎಂದು ಗ್ಯಾನಮ್ಮನನ್ನು ಕೇಳಿ ನಾಲಿಗೆ ಕಚ್ಚಿ ಹಿಡಿದೆ. ಅವಳು ಬಾಗಿಲು ನೋಡಿದಳು, ತನ್ನ ಕೈ ನೋಡಿಕೊಂಡಳು. ಅಕ್ಕಾ, ಒಂದು ನಿಮಿಷ ಸುಮ್ಮನೆ ಕೂರುವುದು ಎಷ್ಟು ದೊಡ್ಡ ಕೆಲಸ. ನಾಲ್ಕು ಸಲ ಅವಳ ಬದಲು ನಾನೇ ಹೇಳುವವನಿದ್ದೆ.

ಕೊನೆಗೆ ಅಂದಳು: "ಸೊಂಟ ಎಂದ್ ನೋಯಲಾರ್ದ ಇತ್ರಿ ಯಪ್ಪಾ? ಅದಕ್ಕ ಬಂದಿಲ್ಲ. ನೆಲ್ಲು ನಾಟಿ ಹಚ್ಚುಮುಂದ ಎದಿಮ್ಯಾಲ ಗುಂಡಕಲ್ಲ ಇಟ್ಟಂಗಾಕ್ಕೈತಿ, ಎಡಗೈ ಜಗ್ಗತೈತಿ. ಬದುವಿನ ಮ್ಯಾಲ ಕುಂತ್ರ ಹೋಗತೈತಿ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ಅದನ್ನು ಅವಳ ಮಾತಿನಲ್ಲೇ ಬರೆದು ಕೊಟ್ಟೆ. ಮೇಡಂ ಓದುತ್ತ ಓದುತ್ತ ಎದ್ದರು. ಇಸಿಜಿ ತೆಗೆಸಿ, ಆ ಮಧ್ಯಾಹ್ನವೇ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ನಿನ್ನೆ ಪಕೀರಪ್ಪ ಫೋನ್ ಮಾಡಿದ್ದ. "ಸಾರ, ನಮ್ಮಾಕಿ ಉಳದ್ಲು. ಈಗ ಮಾತು ನಿಲ್ಲವಲ್ದು. ಅದಕ್ಕೇನರ ಗುಳಿಗಿ ಐತೇನ್ರಿ?"

ಅವಳನ್ನು ಕಳಿಸಿದ ದಿನ ಬಸ್ಸಿನಲ್ಲಿ ಒಬ್ಬನೇ ನಗುತ್ತ ಕೂತಿದ್ದೆನಂತೆ. ಇಳಿಯಬೇಕಿದ್ದ ಮಸ್ಕಿ ದಾಟಿದ್ದು ಕಂಡಕ್ಟರ್ ಕೇಳಿದಾಗಲೇ ಗೊತ್ತಾದದ್ದು. ಹಾಗೇ ಕೂತಿದ್ದರೆ ಲಿಂಗಸುಗೂರಿಗೆ, ನಿನ್ನ ಮನೆಗೇ ಬರುತ್ತಿದ್ದೆ. ಇಳಿದುಬಿಟ್ಟೆ.

ಈಗ ನಿನ್ನ ಸುದ್ದಿ. ಭಾಗ್ಯಶ್ರೀ ನನಗೆ ಹೇಳಿದ್ದಾಳೆ, ಅವಳನ್ನು ಬೈಯಬೇಡ. "ಮಾವಾ, ಅವ್ವ ಮಾಳಗಿ ಹತ್ತಿದ್ರ ತೇಕತಾಳ, ನಡುವ ಕುಂದರತಾಳ. ದವಾಖಾನಿ ಅಂದ್ರ ಸಿಟ್ಟಿಗೇಳತಾಳ. ನನ್ನ ಕಳಿಸಿ ಗ್ಯಾಸಿನ ಗುಳಿಗಿ ತರಸ್ತಾಳ." ನಿನ್ನ ಉತ್ತರ ನನಗೆ ಗೊತ್ತು, ಐದು ವರ್ಷದಿಂದ ಕೇಳುತ್ತಿದ್ದೇನೆ: "ನಮ್ಮವ್ವ ಡಾಕ್ಟರ್ ಮುಂದ ಎಲ್ಲಾ ಹೇಳಿದ್ಲು. ಗ್ಯಾಸ್ ಅಂದು ಮನಿಗೆ ಕಳಿಸಿದ. ಮೂರನೇ ದಿನಕ್ಕ ಹೋದ್ಲು. ಹೇಳಿ ಏನಾಗೂದೈತಿ?"

ಅಮಾವಾಸ್ಯೆ ಕಳೆದ ಸೋಮವಾರ ಇಲ್ಲಿಗೆ ಬಾ. ಮೇಡಂಗೆ ಹೇಳಿಟ್ಟಿದ್ದೇನೆ. ನೀನು ಬರುವುದೊಂದೇ ಬಾಕಿ.

ಭಾಗ್ಯಶ್ರೀ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ಭಾವನಿಗೆ ಶರಣು. ನಿನ್ನ ಆಶೀರ್ವಾದವನ್ನು ಇವತ್ತು ಕೇಳುವುದಿಲ್ಲ.

ನಿನ್ನ ತಮ್ಮ,
ಸಂಗನಬಸವ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಅಂಗಡಿ ಯಾಕೆ ಬಿಟ್ಟೆ ಎಂದು ನೀನು ಮೂರು ಸಲ ಕೇಳಿದ್ದೆ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಅವತ್ತು ನೀನು ಹೊರಗೆ ಚೀಟಿ ಮಾಡಿಸುತ್ತಿದ್ದೆ. ಡಾಕ್ಟರು ಅವ್ವನನ್ನೇ ಕೇಳಿದರು, "ಏನಾಗೈತಿ ಯವ್ವಾ?" ಅವ್ವ ಬಾಯಿ ತೆರೆದಳು. ನಾನು ಅಂದೆ, "ಗ್ಯಾಸ್ರೀ ಸಾರ, ಗುಳಿಗಿ ನಾನೇ ಕೊಟ್ಟೀನಿ, ಕಡಿಮಿ ಆಗೈತಿ." ಅವರು ಮತ್ತೊಮ್ಮೆ ಅವ್ವನ ಕಡೆಗೇ ತಿರುಗಿದರು. ಅದಕ್ಕೂ ನಾನೇ ಉತ್ತರಿಸಿದೆ. ಮಗನಿಗೆ ಔಷಧ ತಿಳಿಯುತ್ತದೆ ಎಂಬ ಹೆಮ್ಮೆ ಅವಳಿಗೆ. ನನ್ನನ್ನು ನೋಡಿ ಬಾಯಿ ಮುಚ್ಚಿದಳು. ನೀನು ಒಳಗೆ ಬಂದು ಕೇಳಿದಾಗ, ಅವ್ವ ಎಲ್ಲಾ ಹೇಳಿದಳು ಎಂದೆ. ಅವ್ವ ಒಂದು ಮಾತೂ ಆಡಿರಲಿಲ್ಲ. ಐದು ವರ್ಷ ನೀನು ಆ ಡಾಕ್ಟರನ್ನು ಬೈದದ್ದನ್ನು ಕೇಳುತ್ತ ಕೂತೆ.

ಇನ್ನು ನಿನ್ನ ಮನೆಯ ಬಾಗಿಲು ನನಗೆ ತೆರೆಯದಿದ್ದರೂ ಸರಿ. ಸೋಮವಾರ ಬಾ. ಒಳಗೆ ನೀನೊಬ್ಬಳೇ ಹೋಗು. ನಾನು ಹೊರಗೆ ಕೂತಿರುತ್ತೇನೆ.