ಹೊಳಿಗೆ ಕೀಲಿ ಹಾಕಿದ ಮುದುಕಿ

೧೮ ಜನವರಿ ೧೯೬೨, ಗುರುವಾರ

ವಹಿ ತಿದ್ದೋದು ಅರ್ಧಕ್ಕ ಬಿಟ್ಟೆ. ಹೆಡ್‌ಬಾಯಿ ಗುಲ್ಜಾರಬಿಯವರು ಕರೆಸಿದ್ರು. ಶನಿವಾರ ಹುಡುಗ್ಯಾರನ್ನ ಟಾಕೀಜಿಗೆ ಕರಕೊಂಡು ಹೋಗೋದಂತ. ಬಣ್ಣದ ಕಾರ್ಟೂನ್ ಚಿತ್ರ. ಆದ್ರ ಇಂಗ್ಲಿಷ್‌ನ್ಯಾಗ ಐತಿ. ಯಜ್ಞೇಶ್ವರ ಮಾಸ್ತರು ಮೈಕಿನ್ಯಾಗ ಕನ್ನಡದಾಗ ಕಥಿ ಹೇಳೋರಿದ್ರು — ಗಂಟಲ ಕೂತೇತಿ. ಅವರು ನನ್ನ ಕಿವ್ಯಾಗ ಹೇಳೋದು, ನಾ ಮೈಕಿನ್ಯಾಗ ಹೇಳೋದು.

"ನಿಮ್ಮ ದನಿ ಛಲೋ ಐತಿ ಸಾವಕ್ಕ. ನೌಕರಿ ಖಾಯಂ ಮಾಡೋ ಮುಂದ ಸಾಲಿ ಕಮಿಟಿಯವರಿಗೂ ನೆನಪಿರ್ತೀರಿ," ಅಂದ್ರು.

ಹೂಂ ಅಂದೆ.

೨೦ ಜನವರಿ, ಸಂಜಿಮುಂದ

ಕಥಿ ಇಷ್ಟ. ಕಾಡಿನ್ಯಾಗ ಒಬ್ಬಾಕಿ ಮಾಟದ ಮುದುಕಿ. ಹೊಳಿಗೆ ಕೀಲಿ ಹಾಕ್ತಾಳ. ಊರೆಲ್ಲಾ ಒಣಗ್ತೈತಿ. ರಾಜನ ಮಕ್ಕಳು ಕೀಲಿಕೈ ಹುಡಿಕ್ಕೊಂಡು ಹೊಂಡ್ತಾರ. ಎಲ್ಲಾ ಚಿತ್ರ ಬರದು ಕುಣಿಸಿದ್ದು, ಮೊಲಾನೂ ಮಾತಾಡ್ತೈತಿ.

ಕತ್ತಲದಾಗ ನಾಲ್ಕನೇ ಕ್ಲಾಸಿನ ಶಮೀಮ ಕೇಳಿದ್ಲು, "ಅಕ್ಕಾರ, ಮುದುಕಿ ಯಾಕ ಹಂಗ ಮಾಡಿದ್ಲರಿ?"

ಮಾಸ್ತರ ಕಡೆ ನೋಡಿದೆ. "ಕೆಟ್ಟಾಕಿ ಅಕಿ, ಅಷ್ಟ. ಮುಂದ ಹೇಳ್ರಿ," ಅಂತ ಪಿಸುಗುಟ್ಟಿದ್ರು.

ಹಂಗ ಹೇಳಾಕ ಆಗಲಿಲ್ಲ. ಬಾಯಿಗೆ ಬ್ಯಾರೇನ ಬಂತು... ಮುದುಕಿ ಹರೇದಾಕಿ ಇದ್ದಾಗ ಅಕಿ ಕೂಸಿಗೆ ಜ್ವರ ಬಂದಿತ್ತು. ಕೊಡ ತಗೊಂಡು ಊರ ಬಾವಿಗೆ ಹೋದ್ಲು. ಮುಟ್ಟಬ್ಯಾಡ, ದೂರ ನಿಲ್ಲು ಅಂದ್ರು. ಸಂಜೀತನಾ ನಿಂತ್ಲು. ಯಾರೂ ಒಂದು ತಂಬಿಗಿ ಸುರುವಲಿಲ್ಲ. ಮನಿಗೆ ಬಂದ್ರ ಕೂಸಿನ ಮೈ ತಣ್ಣಗಾಗಿತ್ತು.

ಕಡೀಕ ಮುದುಕಿ ಕೊಳ್ಳಕ್ಕ ಬಿದ್ಲು. ಯಾರೂ ಚಪ್ಪಾಳಿ ಹೊಡೀಲಿಲ್ಲ.

ಕೊಡ ಹಿಡದು ನಿಂತಾಕಿ ನಮ್ಮವ್ವ, ಆ ಕೂಸು ನಮ್ಮಣ್ಣ. ನಾ ನೋಡಿಲ್ಲ.

೨೨ ಜನವರಿ

ಕಮಿಟಿಯ ಶಾಂತಯ್ಯನವರು ಬಂದಿದ್ರು. ಅವರ ಮೊಮ್ಮಗಳು ಊಟಕ್ಕ ಕೂತಾಗೆಲ್ಲಾ ಕೇಳಾಕತ್ತಾಳಂತ — ಯಾಕ ಮುಟ್ಟಬಾರದಾಗಿತ್ತು ಅಂತ.

"ಚಿತ್ರದಾಗ ಇಲ್ಲದ್ದು ಯಾಕ ಹೇಳಿದ್ರಿ ಅಕ್ಕಾರ? ಬರೋ ಶನಿವಾರ ಅದ ಚಿತ್ರಕ್ಕ ಬ್ಯಾರೆ ಸಾಲಿಯವರು ಬರ್ತಾರ. ಇದ್ದಷ್ಟ ಹೇಳ್ರಿ. ನಿಮ್ಮ ಖಾಯಂ ವಿಚಾರ ನಮ್ಮ ಮುಂದ ಐತಿ."

ದನಿ ಏರಿಸಲಿಲ್ಲ. ಚಾ ಕುಡದು ಹೋದ್ರು. ಮಾಸ್ತರು ಬಾಜೂಕ ಇದ್ರು, ಪಿಟ್ಟೆನ್ನಲಿಲ್ಲ. ಗಂಟಲ ಈಗ ನೆಟ್ಟಗಾಗೇತಿ, ಆದ್ರೂ ಮೈಕು ನನಗ ಬಿಟ್ಟಾರ.

ಮತ್ತ ಹಂಗ ಹೇಳಾಕಿ ನಾ. ಖಾಯಂ ಹೋದ್ರ ಹೋಗಲಿ.

೨೫ ಜನವರಿ

ಅವ್ವಗ ಎಲ್ಲಾ ಹೇಳಿದೆ. ಖುಷಿ ಆಗ್ತಾಳ ಅನಕೊಂಡಿದ್ದೆ. ರೊಟ್ಟಿ ಬಡಿಯೋದು ನಿಲ್ಲಿಸಿದ್ಲು.

"ಆ ಮುದುಕಿ ಏನು ಮಾಡಿದ್ಲಂದಿ?"

"ಹೊಳಿಗೆ ಕೀಲಿ ಹಾಕಿದ್ಲು."

"ನಾ ಯಾರ ನೀರಿಗೆ ಕೀಲಿ ಹಾಕೇನಿ?"

ಒಲಿಗೆ ಕಟ್ಟಿಗಿ ಸರಸಿದೆ.

"ಕೂಸು ಹೋದ ಮ್ಯಾಲೂ ಬಾಗಲಕ್ಕ ಬಂದವರಿಗೆ ನೀರು ಕೊಟ್ಟೇನಿ. ನನ್ನ ಸಂಕಟ ಒಯ್ದು ಅಕೀಗೆ ಯಾಕ ಕೊಟ್ಟಿ?"

ಮತ್ತ ರೊಟ್ಟಿ ಬಡಿಯಾಕ ಹತ್ತಿದ್ಲು.

೨೭ ಜನವರಿ

ಟಾಕೀಜಿಗೆ ಅವ್ವನ್ನೂ ಕರಕೊಂಡು ಹೋಗಿದ್ದೆ. ನೋಡಬೇಕು ಅಂದ್ಲು. ಎಲ್ಲಾರ ಹಿಂದ ಕೂತ್ಲು.

ಕೀಲಿ ಹಾಕೋ ಹೊತ್ತಿಗೆ, "ಯಾಕ ಹಾಕಿದ್ಲು ಅಂತ ಚಿತ್ರದಾಗ ಹೇಳಿಲ್ಲ," ಅಂದೆ. ಕೆಟ್ಟಾಕಿ ಅನ್ನಲಿಲ್ಲ. ಮುದುಕಿ ಬಿದ್ಲು. ಹುಡುಗೂರು ಜೋರಲೆ ಚಪ್ಪಾಳಿ ಹೊಡದ್ರು.

"ಛಲೋ ಆತು," ಅಂದ್ರು ಶಾಂತಯ್ಯನವರು. ಅವರಿಗೆ ಅಂಜಿ ಬಿಟ್ಟೆ ಅಂತ ತಿಳಕೊಂಡಾರ; ಬಿಟ್ಟದ್ದು ಅವ್ವನ ಮಾತಿಗೆ. ತಿಳಕೊಳ್ಳಲಿ. ಖರೇ ಹೇಳಬೇಕಂದ್ರ — ಅವರು ಹಂಗ ತಿಳಕೊಂಡದ್ದು ಚುಚ್ಚಾಕತ್ತೇತಿ.

೧೧ ಫೆಬ್ರುವರಿ, ರವಿವಾರ

ಖಾಯಂ ಆತು. ಶುಕ್ರವಾರ ತಿಳೀತು. ಬರೀಬೇಕು ಅನಸಿರಲಿಲ್ಲ.

ಇವತ್ತು ಮುಂಜಾನೆ ಅವ್ವ ಅಕ್ಕಿ ಹಸನ ಮಾಡಾಕತ್ತಿದ್ಲು. ಒಮ್ಮೆಲೆ ಅಂದ್ಲು, "ಅಕೀಗೂ ಏನರ ಆಗಿರಬೇಕು."

"ಯಾರಿಗವ್ವ?"

"ಆ ಮುದುಕಿಗೆ. ನಂದಲ್ಲ. ಅಕೀದು ಬ್ಯಾರೆ ಇರ್ತೈತಿ. ಬೀಳುಮುಂದ ಅಕಿ ಮಾರಿ ನೋಡಿದೇನು? ಒದರಲಿಲ್ಲ. ಹೊಳಿ ಕಡೇನ ನೋಡಾಕತ್ತಿದ್ಲು."

ಎರಡು ಸಲ ಕಥಿ ಹೇಳಿದಾಕಿ ನಾ. ಮಾರಿ ನೋಡಿಲ್ಲ.

"ಏನಾಗಿತ್ತಂತಿ?" ಅಂದೆ.

ಮೊರ ಬಾಜೂಕಿಟ್ಲು. ಹೇಳಾಕ ಸುರು ಮಾಡಿದ್ಲು, ಕಂಡಾಕಿ ಹಂಗ. ಮುದುಕಿಗೆ ಒಬ್ಬಾಕಿ ತಂಗಿ ಇದ್ಲಂತ. ಒಂದಿನ ಇಬ್ಬರೂ ಹೊಳಿ ದಾಟಾಕ ಹೋದಾಗ ಆ ತಂಗಿ ಸೆಳವಿನ್ಯಾಗ ಹೋದ್ಲಂತ, ಹೊಳಿ ಅಕಿನ್ನ ತಿರುಗಿ ಕೊಡಲಿಲ್ಲಂತ.